ಗೀಸರಿಗೆ ಈ ಮಾತು ಹೊಂದುವುದಿಲ್ಲ
ಲೇಖನ ಇಷ್ಟವಾಯಿತು, ಆದರೆ ಒಂದು ತಿದ್ದುಪಡಿ ಬೇಕು. ‘ವೋಲ್ಟೇಜ್ ಇಳಿದರೆ ಕರೆಂಟ್ ಜಾಸ್ತಿ ಎಳೆಯುತ್ತದೆ’ ಎಂದು ಬರೆದಿದ್ದೀರಿ. ಲೋಡಿನಲ್ಲಿ ಓಡುವ ಪಂಪ್‌ಸೆಟ್ ಮೋಟಾರಿಗೆ ಅದು ನಿಜ. ಗೀಸರಿಗೆ ಅಲ್ಲ.

230 ವೋಲ್ಟ್, 2000 ವಾಟ್ ಗೀಸರ್ ತಗೊಳ್ಳಿ. ವಾಟನ್ನು ವೋಲ್ಟಿನಿಂದ ಭಾಗಿಸಿದರೆ ಕರೆಂಟ್ ಸುಮಾರು 8.7 ಆಂಪಿಯರ್. 230ನ್ನು ಆ 8.7ರಿಂದ ಭಾಗಿಸಿದರೆ ರೋಧ, ಅಂದರೆ ಕರೆಂಟಿಗೆ ಒಡ್ಡುವ ತಡೆ, ಸುಮಾರು 26.4 ಓಮ್. ಅದು ಒಳಗಿನ ಕಾಯಿಲ್‌ನ ಗುಣ, ಹೆಚ್ಚುಕಡಿಮೆ ಹಾಗೇ ಇರುತ್ತದೆ.

ನಮ್ಮೂರಲ್ಲಿ ಬೇಸಿಗೆಯ ಸಂಜೆ 180 ವೋಲ್ಟ್ ಬಂದರೆ ಹೆಚ್ಚು. ಆ 180ನ್ನು ಅದೇ 26.4ರಿಂದ ಭಾಗಿಸಿದರೆ, ಕರೆಂಟೂ ಇಳಿದು 6.8 ಆಂಪಿಯರ್ ಆಗುತ್ತದೆ. ಎರಡನ್ನೂ ಗುಣಿಸಿ ನೋಡಿ, ಬರೀ 1220 ವಾಟ್ ಚಿಲ್ಲರೆ! ವೋಲ್ಟೇಜ್ ಕಾಲುಭಾಗವೂ ಇಳಿದಿಲ್ಲ, ಶಾಖ ಮಾತ್ರ ಸುಮಾರು ಐದರಲ್ಲಿ ಎರಡು ಪಾಲು ಹೋಯಿತು. ನೀರು ಕಾಯಲು ಅಷ್ಟು ಹೊತ್ತು ಹಿಡಿಯುವುದು ಇದಕ್ಕೇ ಅಲ್ವಾ? ದಯವಿಟ್ಟು ಆ ಸಾಲನ್ನು ತಿದ್ದಿ, ಮಕ್ಕಳೂ ಓದುತ್ತಾರೆ.