ಶಿಬೊಲೆತ್: ನಾಲಗೆ ಹಿಡಿದು ಕೊಂದ ಒಂದು ಪದದ ಕತೆ

ಇಂಗ್ಲಿಷ್ ಪತ್ರಿಕೆಗಳ ಸಂಪಾದಕೀಯ ಓದುವವರಿಗೆ ‘ಶಿಬೊಲೆತ್’ ಎಂಬ ಪದ ಅಪರೂಪಕ್ಕೆ ಕಣ್ಣಿಗೆ ಬಿದ್ದಿರುತ್ತದೆ. ಪಕ್ಷವೊಂದು ವರ್ಷಾನುಗಟ್ಟಲೆ ಜಪಿಸಿಕೊಂಡು ಬಂದು, ಈಗ ಒಳಗಿನವರೇ ಮನಸ್ಸಿಟ್ಟು ನಂಬದ ಘೋಷಣೆಗೆ ಈ ಪದ ಬಳಸುತ್ತಾರೆ. ‘ಇವನು ನಮ್ಮವನು’ ಅನ್ನಿಸಿಕೊಳ್ಳಲು ಗುಂಪಿನಲ್ಲಿ ಆಡಲೇಬೇಕಾದ ಮಾತಿಗೂ ಇದೇ ಪದ. ಹೊರದೇಶದ ವಿಶ್ವವಿದ್ಯಾಲಯಗಳಲ್ಲಿ ಓದಿದವರು ಲೈಬ್ರರಿಯ ಲೇಖನ ತೆಗೆಯಲು ಲಾಗಿನ್ ಆಗುವಾಗಲೂ ಈ ಹೆಸರು ನೋಡಿರಬಹುದು. ನೀವು ಆ ಸಂಸ್ಥೆಯವರು ಹೌದೋ ಅಲ್ಲವೋ ಎಂದು ಖಾತ್ರಿ ಮಾಡಿಕೊಳ್ಳುವ ಸಾಫ್ಟ್‌ವೇರ್ ಒಂದಕ್ಕೆ ಶಿಬೊಲೆತ್ ಎಂದೇ ಹೆಸರಿಟ್ಟಿದ್ದಾರೆ. ಅದರ ಹಿಂದಿನ ಕತೆ ಗೊತ್ತಾದ ಮೇಲೆ ಈ ಪದವನ್ನು ಸುಮ್ಮನೆ ಓದಿಕೊಂಡು ಹೋಗಲು ನನ್ನಿಂದ ಆಗುತ್ತಿಲ್ಲ.

ಕತೆ ಇರುವುದು ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ, ‘ನ್ಯಾಯಸ್ಥಾಪಕರು’ ಪುಸ್ತಕದ 12ನೇ ಅಧ್ಯಾಯದಲ್ಲಿ. ಗಿಲ್ಯಾದಿನವರಿಗೂ ಎಫ್ರಾಯೀಮ್ ಕುಲದವರಿಗೂ ಜಗಳ ಬಿತ್ತು. ಇಬ್ಬರೂ ಇಸ್ರೇಲರೇ, ಆಡುವ ಭಾಷೆಯೂ ಒಂದೇ. ಅಮ್ಮೋನಿಯರ ಮೇಲೆ ಯುದ್ಧಕ್ಕೆ ಹೋದಾಗ ನಮ್ಮನ್ನೇಕೆ ಕರೆಯಲಿಲ್ಲ, ನಿನ್ನ ಮನೆಗೆ ಬೆಂಕಿ ಇಡುತ್ತೇವೆ ಎಂದು ಎಫ್ರಾಯೀಮಿನವರು ಗಿಲ್ಯಾದಿನ ನಾಯಕನ ಮೇಲೆ ಏರಿ ಹೋದರು, ಸೋತರು. ಬದುಕಿ ಉಳಿದವರು ತಮ್ಮ ಊರು ಸೇರಬೇಕಾದರೆ ಯೊರ್ದನ್ ಹೊಳೆ ದಾಟಬೇಕು. ಹೊಳೆ ಹಾಯುವ ಜಾಗಗಳನ್ನೆಲ್ಲ ಗಿಲ್ಯಾದಿನವರು ಮೊದಲೇ ಹಿಡಿದು ನಿಂತಿದ್ದರು. ‘ದಾಟಲು ಬಿಡಿ’ ಎಂದು ಬಂದವನನ್ನು ‘ನೀನು ಎಫ್ರಾಯೀಮಿನವನಾ?’ ಎಂದು ಕೇಳುವರು. ‘ಅಲ್ಲ’ ಎಂದರೆ, ‘ಹಾಗಾದರೆ ಶಿಬೊಲೆತ್ ಅನ್ನು’. ಎಫ್ರಾಯೀಮಿನವರ ನಾಲಗೆಗೆ ಆ ‘ಶ’ ಹೊರಳುತ್ತಿರಲಿಲ್ಲ, ‘ಸಿಬೊಲೆತ್’ ಎನ್ನುತ್ತಿದ್ದರು. ಅಲ್ಲೇ ಹೊಳೆಯ ದಡದಲ್ಲೇ ಹಿಡಿದು ಕಡಿಯುತ್ತಿದ್ದರು. ಆ ಸಲ ಸತ್ತ ಎಫ್ರಾಯೀಮಿನವರು 42,000 ಎಂದು ಬೈಬಲ್ ಹೇಳುತ್ತದೆ.

ಹೀಬ್ರೂ ಭಾಷೆಯಲ್ಲಿ ಆ ಪದಕ್ಕೆ ಧಾನ್ಯದ ತೆನೆ ಎಂಬ ಅರ್ಥ ಇದೆ, ಹರಿಯುವ ನೀರು ಎಂಬ ಅರ್ಥವೂ ಇದೆ. ಕೇಳಿದ್ದು ಹೊಳೆಯ ದಡದಲ್ಲಾದ್ದರಿಂದ ಎರಡನೆಯದೇ ಇರಬೇಕು ಎನ್ನುವ ವಿದ್ವಾಂಸರಿದ್ದಾರೆ. ಕೊಲ್ಲಲು ನಿಂತವನಿಗೆ ಮಾತ್ರ ತೆನೆಯೂ ಬೇಕಿರಲಿಲ್ಲ, ನೀರೂ ಬೇಕಿರಲಿಲ್ಲ. ಎದುರಿನವನ ಮಾತು ಏನು ಹೇಳುತ್ತಿದೆ ಎಂಬುದನ್ನು ಪೂರ್ತಿ ಬಿಟ್ಟು, ಅದು ಹೇಗೆ ಕೇಳಿಸುತ್ತದೆ ಎಂಬುದನ್ನಷ್ಟೇ ಹಿಡಿಯುವುದು ಈ ಪರೀಕ್ಷೆ. 1611ರ ಕಿಂಗ್ ಜೇಮ್ಸ್ ಬೈಬಲಿನಲ್ಲೂ ಪದವನ್ನು ಅನುವಾದಿಸದೆ ಹಾಗೇ ಉಳಿಸಿಕೊಂಡರು. ಉಳಿಸದೆ ಬೇರೆ ದಾರಿಯೂ ಇಲ್ಲ, ಸದ್ದು ಹೋದರೆ ಕತೆಯೇ ಹೋಯಿತು. ಇಂಗ್ಲಿಷಿಗೆ ಹೀಗೆ ಬಂದ ಪದ ಅದೇ 17ನೇ ಶತಮಾನದಲ್ಲಿ ಗುಂಪಿನ ಗುರುತು, ಪಂಥದ ಮಾತು ಎಂಬ ಅರ್ಥಕ್ಕೆ ಹಿಗ್ಗಿತು. ಆಮೇಲೆ ಸವಕಲು ಘೋಷಣೆ ಎಂಬಲ್ಲಿಗೂ ಬಂತು.

ಆದರೆ ಹಳೆಯ ಅರ್ಥ ಸಾಯಲಿಲ್ಲ. 1282ರಲ್ಲಿ ಸಿಸಿಲಿಯ ಜನ ಫ್ರೆಂಚರ ಮೇಲೆ ದಂಗೆ ಎದ್ದಾಗ ಕಡಲೆಕಾಳಿಗೆ ತಾವನ್ನುವ ‘ಚಿಚಿರಿ’ ಪದವನ್ನು ಹೇಳಿಸಿ ಫ್ರೆಂಚರನ್ನು ಹುಡುಕಿ ಕೊಂದರು ಎಂಬ ಪ್ರತೀತಿ ಇದೆ. 1302ರಲ್ಲಿ ಈಗಿನ ಬೆಲ್ಜಿಯಂನ ಬ್ರೂಜ್ ನಗರದಲ್ಲಿ ಊರವರು ಫ್ರೆಂಚರನ್ನು ಕೊಂದದ್ದರ ಬಗ್ಗೆಯೂ ಇಂಥದೇ ಕತೆ. ಇವು ತುಂಬಾ ಹಳೆಯವು, ದಂತಕತೆ ಬೆರೆತವು ಎಂದು ಬಿಡಬಹುದು. ಜಪಾನಿನದನ್ನು ಹಾಗೆ ಬಿಡಲಾಗದು.

1923ರ ಸೆಪ್ಟೆಂಬರ್ 1ರಂದು ಟೋಕಿಯೊ, ಯೋಕೊಹಾಮಾ ಸುತ್ತಲಿನ ಕಾಂಟೊ ಪ್ರದೇಶದಲ್ಲಿ ಭಾರಿ ಭೂಕಂಪವಾಯಿತು. ಊರಿಗೆ ಊರೇ ಹೊತ್ತಿ ಉರಿಯುತ್ತಿರುವಾಗ, ಕೊರಿಯಾದವರು ಬಾವಿಗೆ ವಿಷ ಹಾಕುತ್ತಿದ್ದಾರೆ ಎಂಬ ಪುಕಾರು ಹಬ್ಬಿತು. ಬಡಿಗೆ, ಬಿದಿರಿನ ಈಟಿ ಹಿಡಿದ ಗುಂಪುಗಳು ರಸ್ತೆಗಳಲ್ಲಿ ನಿಂತು ದಾರಿಹೋಕರ ಬಾಯಲ್ಲಿ ‘ಜೂಗೊಎನ್ ಗೊಜಿಸ್ಸೆನ್’ ಎಂದು ಹೇಳಿಸುತ್ತಿದ್ದವು. ಹದಿನೈದು ಯೆನ್ ಐವತ್ತು ಸೆನ್ ಎಂದು ಅರ್ಥ, ಬರೀ ದುಡ್ಡಿನ ಲೆಕ್ಕ. ಕೊರಿಯನ್ ಭಾಷೆಯಲ್ಲಿ ಪದದ ಮೊದಲಿಗೆ ಜ, ಗ ಗಳಂಥ ದನಿ ಬರುವುದಿಲ್ಲ, ‘ಜೂ’ ಅವರ ಬಾಯಲ್ಲಿ ‘ಚೂ’ ಆಗುತ್ತದೆ. ಸಾವಿರಾರು ಜನ ಕೊರಿಯನ್ನರ ಕೊಲೆಯಾಯಿತು. ಭೂಕಂಪದ ಐದು ದಿನದ ಮೇಲೆ ಚಿಬಾ ಪ್ರಾಂತ್ಯದ ಫುಕುದಾ ಎಂಬ ಹಳ್ಳಿಯಲ್ಲಿ, ದೂರದ ಕಗಾವಾದಿಂದ ಔಷಧಿ ಮಾರುತ್ತ ಬಂದಿದ್ದ ಜಪಾನೀಯರನ್ನೇ ಗುಂಪು ಮುತ್ತಿಕೊಂಡಿತು. ಅವರ ಊರ ಕಡೆಯ ಮಾತಿನ ಧಾಟಿ ಈ ಜನಕ್ಕೆ ವಿಚಿತ್ರವಾಗಿ ಕೇಳಿಸಿತ್ತು. ಒಂಬತ್ತು ಮಂದಿಯನ್ನು ಕೊಂದುಹಾಕಿದರು. ಸತ್ತವರಲ್ಲಿ ಮಕ್ಕಳಿದ್ದರು, ಬಸುರಿ ಹೆಂಗಸು ಇದ್ದಳು. ಪರರನ್ನು ಹಿಡಿಯಲು ಒಡ್ಡಿದ ಬಲೆ ತಮ್ಮದೇ ಹಳ್ಳಿಗಾಡಿನವರ ಕೊರಳಿಗೆ ಬೀಳಲು ಒಂದು ವಾರವೂ ಬೇಕಾಗಲಿಲ್ಲ.

ನಮ್ಮ ಪಕ್ಕದಲ್ಲೇ, ಶ್ರೀಲಂಕಾದಲ್ಲಿ, 1983ರ ಜುಲೈ ಗಲಭೆಯಲ್ಲಿ ಗುಂಪುಗಳು ವಾಹನ ತಡೆದು ‘ಬಾಲ್ದಿಯ’ ಎಂದು ಹೇಳಿಸುತ್ತಿದ್ದವು ಎಂದು ಆ ದಿನಗಳನ್ನು ಕಂಡವರು ಹೇಳಿದ್ದಾರೆ. ತಮಿಳು ಮನೆಮಾತಿನವರ ಬಾಯಲ್ಲಿ ಮೊದಲ ‘ಬ’ ಜಾರಿ ‘ವ’ ಆಗುತ್ತದೆ ಎಂಬ ಲೆಕ್ಕಾಚಾರ. ಬಾಲ್ದಿಯ ಎಂದರೆ ಸಿಂಹಳದಲ್ಲಿ ನೀರು ತುಂಬುವ ಬಕೆಟ್ಟು. ಮಂಗಳೂರು ಕಡೆಯವರು ಇದನ್ನು ಓದಿ ಒಂದು ಕ್ಷಣ ತಡೆಯುತ್ತಾರೆ, ಏಕೆಂದರೆ ಕರಾವಳಿಯ ಬಚ್ಚಲುಮನೆಗಳಲ್ಲಿ ಅದು ಇಂದಿಗೂ ಬಾಲ್ದಿಯೇ. ಇಲ್ಲಿಗೂ ಅಲ್ಲಿಗೂ ಪೋರ್ಚುಗೀಸರು ಬಿಟ್ಟುಹೋದ ಪದ ಅದು.

ಈಗ ಕತ್ತಿ ಹಿಡಿದವರ ಜಾಗದಲ್ಲಿ ಕಚೇರಿಗಳೂ ಕುಳಿತಿವೆ. ಆಶ್ರಯ ಕೇಳಿಕೊಂಡು ಬಂದವರ ಮಾತನ್ನು ರೆಕಾರ್ಡ್ ಮಾಡಿಕೊಂಡು, ಉಚ್ಚಾರಣೆ ನೋಡಿ ‘ಇವನು ಹೇಳುವ ಊರಿನವನು ಹೌದೇ’ ಎಂದು ತೀರ್ಮಾನಿಸುವ ಪದ್ಧತಿಯನ್ನು ಸ್ವೀಡನ್ 1990ರ ದಶಕದಲ್ಲಿ ಶುರುಮಾಡಿತು, ಬೇರೆ ದೇಶಗಳೂ ಹಿಡಿದುಕೊಂಡವು. ಗಡಿಯಲ್ಲಿ ಹುಟ್ಟಿದವರ, ಶಿಬಿರದಿಂದ ಶಿಬಿರಕ್ಕೆ ಅಲೆದವರ ಮಾತು ಬೆರಕೆಯಾಗಿರುತ್ತದೆ, ಎಚ್ಚರದಿಂದಿರಿ ಎಂದು 2004ರಲ್ಲಿ ಭಾಷಾವಿಜ್ಞಾನಿಗಳು ಸೇರಿ ಮಾರ್ಗಸೂಚಿಯನ್ನೇ ಬರೆಯಬೇಕಾಯಿತು.

ಇಷ್ಟೆಲ್ಲ ಬರೆಯಲು ಕಾರಣ ನಮ್ಮ ‘ಹ’. ಮಂಡ್ಯ, ಮೈಸೂರು, ರಾಮನಗರ ಕಡೆಯ ಹಳ್ಳಿಗಳಲ್ಲಿ ಅನೇಕರ ಮಾತಿನಲ್ಲಿ ‘ಹ’ ಬಿದ್ದುಹೋಗುತ್ತದೆ. ಹಾಲು ಆಲು, ಹಳ್ಳಿ ಅಳ್ಳಿ, ಹೋಗು ಓಗು. ಇದನ್ನು ಆಡಿಕೊಂಡು ನಗುವುದು ನಮ್ಮಲ್ಲಿ ದೊಡ್ಡ ಮನರಂಜನೆ. ನನ್ನ ಸೋದರಮಾವನ ಮಗನೊಬ್ಬ ಊರಿನಿಂದ ಬಂದು ನಗರದ ಕಾಲೇಜು ಸೇರಿದ. ತರಗತಿಯಲ್ಲಿ ಎದ್ದು ನಿಲ್ಲಿಸಿ ‘ಹಾವು, ಹಲ್ಲಿ, ಹುಲಿ ಅನ್ನು ನೋಡೋಣ’ ಎಂದು ಮೇಷ್ಟರೇ ಹೇಳಿಸಿದರಂತೆ, ಹುಡುಗರು ಬೆಂಚು ತಟ್ಟಿ ನಕ್ಕರಂತೆ. ಆಮೇಲೆ ಆ ಹುಡುಗ ‘ಹ’ ಇರುವ ಪದಗಳನ್ನೇ ತಪ್ಪಿಸಿಕೊಂಡು ಮಾತಾಡತೊಡಗಿದ. ‘ಹೋಗೋಣ’ ಅನ್ನಬೇಕಾದಲ್ಲಿ ‘ನಡಿ’. ಹಾಲಿಗೆ ‘ಮಿಲ್ಕು’. ಹೆಸರು ಕೇಳಿದರೆ ‘ಹೆಸರು’ ಎಂಬ ಪದ ಬಾರದಂತೆ ‘ನಾನು ಇಂಥವನು’ ಎನ್ನುತ್ತಿದ್ದ. ತನ್ನದೇ ಭಾಷೆಯೊಳಗೆ ಅವನು ಹೀಗೆ ಸುತ್ತು ಬಳಸಿ ನಡೆಯುವುದನ್ನು ನೋಡಿದರೆ ನನಗೆ ಸಂಕಟವಾಗುತ್ತಿತ್ತು.

ಈ ‘ಹ’ ಎಲ್ಲಿಂದ ಬಂತು ಎಂದು ನಗುವವರು ಕೇಳಿಕೊಳ್ಳಬೇಕು. ಪಂಪನ ಕಾಲದ ಕನ್ನಡದಲ್ಲಿ ಅದು ಪಾಲ್, ಪುಲಿ, ಪೆಸರ್. ತಮಿಳಿನಲ್ಲೂ ತೆಲುಗಿನಲ್ಲೂ ಹಾಲು ಇಂದಿಗೂ ಪಕಾರದ್ದೇ. ನಡುಗನ್ನಡದ ಹೊತ್ತಿಗೆ ನಮ್ಮ ಪಕಾರ ಸಡಿಲಾಗಿ ಹಕಾರವಾಯಿತು. ಮಂಡ್ಯದ ನಾಲಗೆ ಅದನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದಿದೆ, ಅಷ್ಟೇ. ‘ಪಾಲ್’ ಎನ್ನುವವರ ಕಣ್ಣಿಗೆ ‘ಹಾಲು’ ಅಶುದ್ಧ, ‘ಹಾಲು’ ಎನ್ನುವವರ ಕಣ್ಣಿಗೆ ‘ಆಲು’ ಅಶುದ್ಧ. ಇನ್ನು ‘ಶ’ದ ವಿಷಯ. ಸಂಸ್ಕೃತದ ದಿಶೆಯನ್ನು ನಾವು ದೆಸೆ ಮಾಡಿಕೊಂಡೆವು, ಆಕಾಶವನ್ನು ಆಗಸ ಮಾಡಿಕೊಂಡೆವು, ಶ್ರೀಯನ್ನು ಸಿರಿ ಮಾಡಿಕೊಂಡೆವು. ‘ಸಿರಿಗನ್ನಡಂ ಗೆಲ್ಗೆ’ ಎಂದು ಎದೆಯುಬ್ಬಿಸಿ ಕೂಗುತ್ತೇವಲ್ಲ, ಆ ಮೊದಲ ಅಕ್ಷರ ಯೊರ್ದನ್ ದಡದಲ್ಲಿ ಸಿಕ್ಕಿಬಿದ್ದವರ ಅಕ್ಷರವೇ.

ಸ್ಪಷ್ಟ ಉಚ್ಚಾರಣೆ ಕಲಿಸಬಾರದು ಎಂದು ನಾನು ಹೇಳುತ್ತಿಲ್ಲ. ವಾರ್ತೆ ಓದುವವರು, ರಂಗದ ಮೇಲೆ ನಿಲ್ಲುವವರು, ಪಾಠ ಮಾಡುವವರು ಕಲಿಯಲಿ, ಕಲಿಸೋಣ. ಕಲಿಸುವವನು ಪಕ್ಕದಲ್ಲಿ ಕುಳಿತು ತಿದ್ದುತ್ತಾನೆ. ಜಾರಲಿ ಎಂದು ಕಾಯುತ್ತ ಕುಳಿತವನು ಮಾಡುವ ಕೆಲಸವೇ ಬೇರೆ, ಅದು ಹೊಳೆ ಕಾಯುವವರ ಕೆಲಸ.

ಈಚೆಗೆ ಟಿ.ವಿ. ಮೈಕಿನ ಮುಂದೆ ಮಾತಾಡಿದ ರೈತರೊಬ್ಬರ ವಿಡಿಯೊ ಓಡಾಡುತ್ತಿತ್ತು. ‘ನಮ್ಮ ಒಲಕ್ಕೆ ನೀರೇ ಬಂದಿಲ್ಲ’ ಎಂದರು. ಕೆಳಗೆ ಸಾಲುಸಾಲು ನಗುವ ಇಮೋಜಿ, ‘ಒಲ’ ಎಂಬುದನ್ನೇ ಹಿಡಿದು ಮಾಡಿದ ಮೀಮು. ನಾಲೆಯ ಕೊನೆಯ ಭಾಗಕ್ಕೆ ನೀರು ಹರಿದಿಲ್ಲ, ನಾಟಿ ಹಾಕಿದ ಪೈರು ಒಣಗುತ್ತಿದೆ, ತೂಬಿನ ಹತ್ತಿರ ಕೇಳುವವರಿಲ್ಲ ಎಂದು ಅವರು ಒಂದೊಂದಾಗಿ, ಬಿಡಿಸಿ ಹೇಳಿದ್ದರು. ಕೆಳಗಿನ ಕಾಮೆಂಟುಗಳನ್ನೆಲ್ಲ ಓದಿದೆ. ನೀರು ಯಾಕೆ ಬಂದಿಲ್ಲ ಎಂದು ಒಬ್ಬರೂ ಕೇಳಿರಲಿಲ್ಲ.