ಸ್ಪಷ್ಟನೆ: ಕೆಮ್ಮುವ ಕುದುರೆಯನ್ನು ಲಾಯದೊಳಗೆ ಕೂಡಿಹಾಕಬೇಡಿ

"ಕುದುರೆ ವಾರಗಟ್ಟಲೆ ಕೆಮ್ಮಿದರೆ ಅದು ಅಂಟುರೋಗ. ಬೆಚ್ಚಗೆ ಒಳಗೆ ಕಟ್ಟಿ ಆಂಟಿಬಯಾಟಿಕ್ ಕೊಡಿ" ಎಂಬ ಮಾತು ಹರಿದಾಡುತ್ತಿದೆ. ಇದು ಸರಿಯಲ್ಲ. ಜ್ವರವಿಲ್ಲದೆ ಎಳೆದಾಡುವ ಕೆಮ್ಮಿಗೆ ಬಹಳ ಸಲ ಅಸ್ತಮಾ ಕಾರಣ. ಅದು ಅಂಟುವುದಿಲ್ಲ. ಬ್ಯಾಕ್ಟೀರಿಯಾ ಸೋಂಕು ಇಲ್ಲದಿದ್ದರೆ ಆಂಟಿಬಯಾಟಿಕ್ ಸುಮ್ನೆ ದಂಡ.

ಒಣಹುಲ್ಲಿನ ದೂಳು, ಬೂಷ್ಟಿನ ಕಣಗಳು ಒಳಹೋಗಿ ಶ್ವಾಸನಾಳ ಊದಿಕೊಳ್ಳುತ್ತದೆ, ಲೋಳೆ ಜಾಸ್ತಿಯಾಗುತ್ತದೆ. ಮುಚ್ಚಿದ ಲಾಯದಲ್ಲಿ ತುಂಬಿರುವುದು ಇದೇ ದೂಳು ಅಲ್ವಾ? ಹಾಗಾಗಿ ಹೆಚ್ಚಿನ ಕುದುರೆಗಳಿಗೆ ಬಯಲ ಗಾಳಿಯೇ ಮೊದಲ ಚಿಕಿತ್ಸೆ. ಕೆಲವಕ್ಕೆ ಮಾತ್ರ ಹುಲ್ಲುಗಾವಲಿನ ಪರಾಗವೂ ಆಗಿಬರುವುದಿಲ್ಲ. ಒಣಹುಲ್ಲನ್ನು ಕೊಡವಿದರೆ ಸಾಲದು, ನೆನೆಸಿ ಅಥವಾ ಹಬೆಯಲ್ಲಿಟ್ಟು ಕೊಡಿ. ಸ್ಟೀರಾಯ್ಡ್ ಬೇಕೇ ಎಂಬುದನ್ನು ಪಶುವೈದ್ಯರೇ ಹೇಳಬೇಕು.

ಸುಮ್ಮನೆ ನಿಂತಾಗ ನಿಮಿಷಕ್ಕೆ 8ರಿಂದ 16 ಉಸಿರು ಸಹಜ. ಅದು ಏರಿ, ಮೂಗಿನ ಹೊಳ್ಳೆ ಅರಳಿ, ಹೊಟ್ಟೆ ಒತ್ತಿ ಉಸಿರಾಡುತ್ತಿದ್ದರೆ ತಕ್ಷಣ ವೈದ್ಯರನ್ನು ಕರೆಯಿರಿ.