ದಿನದ ಲೆಕ್ಕಕ್ಕೆ ಹೆದರಿ ಊರಿಗೆ ಹೋಗೋದು ಬಿಡಬೇಡಿ

ಕೆನಡಾದಲ್ಲಿ ಪಿಆರ್ (ಕಾಯಂ ನಿವಾಸಿ) ಆಗಿರುವ ನಮ್ಮವರಿಗೆ ಒಂದು ಮಾತು ಹೇಳಲೇಬೇಕು ಅನ್ನಿಸಿದೆ. ಸಿಟಿಜನ್‌ಶಿಪ್‌ಗೆ ದಿನ ಕಡಿಮೆ ಬೀಳುತ್ತೆ ಅಂತ ಅಪ್ಪ ಅಮ್ಮನನ್ನು ನೋಡಲು ಹೋಗದೆ ಇರಬೇಡಿ.

ಬ್ರಾಂಪ್ಟನ್‌ನಲ್ಲಿರುವ ನನ್ನ ಗೆಳತಿಯ ಅಪ್ಪನಿಗೆ ಹಾಸನದಲ್ಲಿ ಬೈಪಾಸ್ ಆಯಿತು. ಇವಳು ಹೋಗಲಿಲ್ಲ. ರಜೆ ಇತ್ತು, ಟಿಕೆಟ್‌ಗೆ ದುಡ್ಡೂ ಇತ್ತು. ಲ್ಯಾಪ್‌ಟಾಪ್‌ನಲ್ಲಿ ಒಂದು ಎಕ್ಸೆಲ್ ಶೀಟ್ ಇಟ್ಟಿದ್ದಾಳೆ, ಇಲ್ಲಿದ್ದ ದಿನಕ್ಕೆ ಹಸಿರು, ಹೊರಗಿದ್ದ ದಿನಕ್ಕೆ ಕೆಂಪು. "ಬರ್ಬೇಡ ಕಣವ್ವ, ನಿಂದು ದಿನ ಹಾಳಾಗುತ್ತೆ" ಅಂತ ಅವರಮ್ಮನೇ ಫೋನಲ್ಲಿ ಹೇಳಿದರಂತೆ. ಸಿಟಿಜನ್‌ಶಿಪ್‌ಗೆ ಬೇಕಾದ 1,095 ದಿನದ ಲೆಕ್ಕ ಆ ತಾಯಿಗೂ ಬಾಯಿಪಾಠ. ಕೇಳಿ ಹೊಟ್ಟೆ ಉರಿಯಿತು. ಮಧ್ಯೆ ಊರಿಗೆ ಹೋದರೆ ಲೆಕ್ಕ ಮೊದಲಿಂದ ಶುರುವಾಗುತ್ತೆ ಅಂತ ಯಾರೋ ಅವಳ ತಲೆಗೆ ತುಂಬಿದ್ದರು.

ಹಾಗೇನೂ ಇಲ್ಲ. ಅರ್ಜಿಗೆ ಸಹಿ ಹಾಕುವ ದಿನದಿಂದ ಹಿಂದಕ್ಕೆ 5 ವರ್ಷ ನೋಡುತ್ತಾರೆ. ಅದರಲ್ಲಿ 1,095 ದಿನ ನೀವು ಕೆನಡಾದಲ್ಲಿ ಇದ್ದಿರಬೇಕು. ಒಂದೇ ಸಮನೆ ಇರಬೇಕು ಅಂತಿಲ್ಲ. ಸುಮಾರು 2 ವರ್ಷ ಹೊರಗಿರಲು ಕಾನೂನೇ ಜಾಗ ಬಿಟ್ಟಿದೆ, ಅಲ್ವಾ? ಹೊರಟ ದಿನ, ವಾಪಸ್ ಬಂದ ದಿನ ಎರಡೂ ಇಲ್ಲಿದ್ದ ದಿನಗಳೇ. ಮಾರ್ಚ್ 1ಕ್ಕೆ ಹೊರಟು 31ಕ್ಕೆ ಬಂದರೆ ಕಳೆಯುವುದು 29 ದಿನ. ಅರ್ಜಿ ಹಾಕೋದು ಅಷ್ಟು ದಿನ ಮುಂದೆ ಹೋಗುತ್ತೆ, ಅಷ್ಟೇ. ಬೆಳಿಗ್ಗೆ ಗಡಿಯಾಚೆ ಅಮೆರಿಕದ ಬಫಲೋಗೆ ಹೋಗಿ ಸಂಜೆ ಬಂದರಂತೂ ಒಂದು ದಿನವೂ ಕಳೆಯುವುದಿಲ್ಲ.

ಈ ಹೆದರಿಕೆ ಎಲ್ಲಿಂದ ಬಂತು ಅಂತ ಯೋಚಿಸಿದ್ದೇನೆ. 2015ರಿಂದ 2017ರವರೆಗೆ ನಿಯಮ ನಿಜಕ್ಕೂ ಬಿಗಿಯಾಗಿತ್ತು. 6 ವರ್ಷದಲ್ಲಿ 1,460 ದಿನ ಬೇಕಿತ್ತು, ಜೊತೆಗೆ 4 ವರ್ಷಗಳಲ್ಲಿ ವರ್ಷಕ್ಕೆ 183 ದಿನ ಇರಲೇಬೇಕಿತ್ತು. ಆ ಕಾಲದ ಮಾತು ಇನ್ನೂ ಓಡಾಡುತ್ತಿದೆ. ಇನ್ನು ಅಮೆರಿಕದಲ್ಲಿರುವ ನೆಂಟರು ಬೇರೆ. ಅಲ್ಲಿ ಗ್ರೀನ್ ಕಾರ್ಡ್‌ನವರು 6 ತಿಂಗಳಿಗಿಂತ ಜಾಸ್ತಿ ಹೊರಗಿದ್ದರೆ ತೊಂದರೆ ನಿಜ. ಅದು ಅವರ ನಿಯಮ.

ಪಿಆರ್ ಆಗುವ ಮೊದಲು ಸ್ಟಡಿ ಪರ್ಮಿಟ್, ವರ್ಕ್ ಪರ್ಮಿಟ್‌ನಲ್ಲಿದ್ದ ದಿನಗಳನ್ನು ನಂಬಿಕೊಂಡವರು ಮಾತ್ರ ಸ್ವಲ್ಪ ಹುಷಾರಾಗಿರಿ. ಅವು ಅರ್ಧರ್ಧ ದಿನವಾಗಿ ಸೇರುತ್ತವೆ, ಹೆಚ್ಚೆಂದರೆ 365 ದಿನ. ತಡ ಮಾಡಿದರೆ 5 ವರ್ಷದ ಆಚೆಗೆ ಜಾರಿ ಲೆಕ್ಕದಿಂದಲೇ ಬಿದ್ದುಹೋಗುತ್ತವೆ. ಪೂರ್ತಿ ತೆರಿಗೆ ಕಟ್ಟಿದ ದಿನಗಳಿಗೆ ಅರ್ಧ ಬೆಲೆ ಯಾಕೆ ಅನ್ನೋದು ನನ್ನ ಹಳೇ ಸಿಟ್ಟು. ಸರ್ಕಾರದ ಕ್ಯಾಲ್ಕುಲೇಟರ್‌ನಲ್ಲಿ ತಾರೀಖು ಹಾಕಿ ನೋಡಿ. 1,095 ಮುಟ್ಟಿದ ದಿನವೇ ಅರ್ಜಿ ಹಾಕಬೇಡಿ, ಎರಡು ವಾರ ಕೈಯಲ್ಲಿ ಇಟ್ಟುಕೊಳ್ಳಿ.

ಅಷ್ಟಕ್ಕೂ ಇಷ್ಟೊಂದು ಅವಸರ ಯಾಕೆ? ಇಲ್ಲಿ ಪ್ರಮಾಣ ಮಾಡಿದ ದಿನ ಭಾರತದ ಪೌರತ್ವ ಹೋಗುತ್ತೆ. ಆಮೇಲೆ ಓಸಿಐ (ಬೇರೆ ದೇಶದ ಪೌರರಾದ ಭಾರತ ಮೂಲದವರಿಗೆ ಕೊಡುವ ಕಾರ್ಡ್) ಸಿಕ್ಕರೂ ಊರಲ್ಲಿ ಓಟಿಲ್ಲ, ಹೊಲ ಗದ್ದೆ ಕೊಳ್ಳುವ ಹಾಗಿಲ್ಲ. ಒಂದೆರಡು ತಿಂಗಳು ತಡವಾದರೆ ಕಳಕೊಳ್ಳುವಂಥದ್ದು ಏನೂ ಇಲ್ಲ.

ಹೋಗಿ ಬನ್ನಿ. ಪಿಆರ್ ಕಾರ್ಡ್‌ನ ಅವಧಿ ಯಾವತ್ತು ಮುಗಿಯುತ್ತೆ ಅಂತ ಮಾತ್ರ ನೋಡಿಕೊಂಡು ಹೊರಡಿ. ಅವಧಿ ಮುಗಿದಿದ್ದರೆ ಬೆಂಗಳೂರಲ್ಲಿ ವಾಪಸ್ ವಿಮಾನ ಹತ್ತೋದು ಕಷ್ಟ.